ರೋಲಿನ ತುದಿಯ ಚಿತ್ರ

ಕ್ಯಾಮೆರಾವನ್ನು ಅವರು ಕಿವಿಗೆ ಹಿಡಿಯುತ್ತಿದ್ದರು. ಮುಗಿದ ರೋಲನ್ನು ಹಿಂದಕ್ಕೆ ಸುತ್ತುತ್ತಾ, ಎಡಗಣ್ಣು ಕಿವುಚಿ, ಹುಣಸೆಕಾಯಿ ಕಚ್ಚಿದವರಂತೆ ಮುಖ ಮಾಡಿಕೊಂಡು, ಒಳಗೆ ಫಿಲ್ಮಿನ ತುದಿ ಕಳಚುವ ‘ಟಕ್’ ಸದ್ದಿಗೆ ಕಾಯುತ್ತಿದ್ದರು. ಅದು ಕೇಳಿದ ಮೇಲೆಯೇ ಹಿಂಬದಿಯ ಮುಚ್ಚಳ ತೆಗೆಯುತ್ತಿದ್ದದ್ದು. “ಸುತ್ತದೇ ತೆಗೆದ್ರೆ ಬೆಳಕು ನುಗ್ಗಿಬಿಡುತ್ತೆ ಕಣಮ್ಮ. ಅಷ್ಟೂ ಮುಖ ಒಟ್ಟಿಗೇ ಹೋಗ್ತವೆ” ಎನ್ನುತ್ತಿದ್ದರು.

ಭದ್ರಾವತಿಯಲ್ಲಿ ನಮ್ಮ ಕಾರ್ಖಾನೆ ಕ್ವಾರ್ಟರ್ಸಿಗೆ ಹತ್ತಿರವೇ ಅವರ ಸ್ಟುಡಿಯೋ ಇತ್ತು. ನಮಗೆ ಅವರು ಸ್ಟುಡಿಯೋ ಮಾಮ. ರೋಲು ಪೂರ್ತಿ ಮುಗಿಯದೆ ಅದನ್ನು ತೊಳೆಯಲು ಶಿವಮೊಗ್ಗದ ಲ್ಯಾಬಿಗೆ ಕಳಿಸುವವರಲ್ಲ. ಯಾರದೋ ಮದುವೆ ಮುಗಿದು ರೋಲಿನ ತುದಿಯಲ್ಲಿ ಒಂದೆರಡು ಚಿತ್ರಕ್ಕೆ ಜಾಗ ಉಳಿದರೆ ಬಾಗಿಲಿಗೆ ಬಂದು ನನ್ನ ತಮ್ಮನನ್ನು ಕೂಗುತ್ತಿದ್ದರು: “ಬಾರೋ ಮಾರಾಯ, ಎರಡು ಉಳಿದಿದೆ, ಹಲ್ಲು ತೋರಿಸು!” ಅವನ ಬಾಲ್ಯದ ಚಿತ್ರಗಳೆಲ್ಲ ಹೀಗೆ ಊರವರ ಮದುವೆಗಳ ಕೊನೆಯಲ್ಲಿ ತೆಗೆದವು.

“ನನ್ನ ಮಗ ಕಂಡವರ ಮದುವೆಗೆಲ್ಲ ಬಾಲ” ಎಂದು ಅಮ್ಮ ರೇಗಿಸಿದರೆ, “ಇವನ ಮದುವೆಗೆ ರೋಲು ಪೂರ್ತಿ ಇವನದೇ ಬಿಡಿ ಅಕ್ಕ” ಎನ್ನುತ್ತಿದ್ದರು.

ತಮ್ಮ ಸೈನ್ಯಕ್ಕೆ ಸೇರಿದ. ಕಾರ್ಗಿಲ್ ಯುದ್ಧ ನಡೆದ ವರ್ಷ ಪೆಟ್ಟಿಗೆಯಲ್ಲಿ ಮನೆಗೆ ಬಂದ.

ಎಲ್ಲರೆದುರು ಪೆಟ್ಟಿಗೆ ತೆರೆಯಬೇಡಿ, ಗುರುತು ಹೇಳಲು ಮನೆಯವರೊಬ್ಬರು ನೋಡಿದರೆ ಸಾಕು ಎಂದರು, ಜೊತೆಗೆ ಬಂದಿದ್ದ ಅಧಿಕಾರಿ. ಅಪ್ಪ ಆಗಲೇ ತೀರಿಕೊಂಡಿದ್ದರು. ನಾನು ಹೋದೆ. ಒಬ್ಬಳೇ ಹೋಗಲಾರದೆ, ಶವದ ಮೆರವಣಿಗೆಯ ಚಿತ್ರ ತೆಗೆಯಲು ಬಂದಿದ್ದ ಮಾಮನ ತೋಳು ಹಿಡಿದುಕೊಂಡೇ ಕೋಣೆಯೊಳಗೆ ಹೋದೆ. ತಮ್ಮನಿಗೆ ಕಣ್ಣುಗಳಿರಲಿಲ್ಲ. ಅದು ಗುಂಡಿನ ಕೆಲಸವಲ್ಲ. ಜೀವಂತ ಸಿಕ್ಕವನಿಗೆ, ಕೈ ಕಟ್ಟಿಹಾಕಿ, ಯಾರೋ ಸಾವಕಾಶವಾಗಿ ಮಾಡಿದ್ದು. ಮಣಿಕಟ್ಟಿನಲ್ಲಿ ಹಗ್ಗದ ಗುರುತಿತ್ತು.

“ತೆಗೀರಿ ಮಾಮ” ಎಂದೆ.

“ಬೇಡ ತಂಗಿ. ತೆಗೆದ ಮೇಲೆ ಇದು ಇದ್ದುಬಿಡುತ್ತೆ.”

“ಇರ್ಲಿ. ಇಲ್ಲದಿದ್ರೆ ನಾಳೆ ಯಾರೂ ನಂಬಲ್ಲ.”

ಅವರು ಎಡಗಣ್ಣು ಮುಚ್ಚಿದರು. ಫ್ಲಾಶ್ ಬೆಳಗಿತು. ಶವ ಎತ್ತಲು ಬಂದವರು ಕಿಟಕಿಯಾಚೆಯಿಂದ ಅದನ್ನು ಕಂಡಿದ್ದಾರೆಂದು ನಮಗೆ ಹೊಳೆಯಲಿಲ್ಲ. ಅಮ್ಮನಿಗೆ, “ಮಲಗಿದ ಹಾಗಿದ್ದಾನೆ” ಎಂದು ಹೇಳಿದೆ.

ಮರುದಿನ ಚಿತ್ರ ಕೇಳಲು ಸ್ಟುಡಿಯೋಗೆ ಹೋದೆ. ರೋಲು ಇನ್ನೂ ಕ್ಯಾಮೆರಾದಲ್ಲೇ ಇತ್ತು. ಅದರ ಮೊದಲ ಭಾಗದಲ್ಲಿ ಶಿವಮೊಗ್ಗದ ಆಲ್ಕೊಳದವರೊಬ್ಬರ ಮಗಳ ಧಾರೆ, ತುದಿಯಲ್ಲಿ ತಮ್ಮ. ಮಾಮ ಅದನ್ನು ಹೇಳುತ್ತಿದ್ದಾಗಲೇ ಏಳೆಂಟು ಗಂಡಸರು ಒಳಗೆ ಬಂದು ಷಟರ್ ಎಳೆದುಕೊಂಡರು. ಆ ಕಬ್ಬಿಣದ ಸದ್ದು ಇವತ್ತಿಗೂ ಯಾವ ಅಂಗಡಿ ಮುಚ್ಚಿದರೂ ನನ್ನ ಬೆನ್ನಲ್ಲಿ ಓಡುತ್ತದೆ. ಒಬ್ಬನ ಕೈಯಲ್ಲಿ ಸೈಕಲ್ ಚೈನು.

“ಯಜಮಾನ್ರೇ, ಆ ಫೋಟೋ ಕೊಡಿ. ಆಳೆತ್ತರ ಬ್ಯಾನರ್ ಮಾಡಿಸ್ತೀವಿ. ನಾಳೆ ಪೇಟೆ ಬೀದೀಲಿ ಮೆರವಣಿಗೆ. ನೋಡ್ಲಿ ಆ ನನ್ಮಕ್ಳು” ಎಂದ ಅವನು. ನನ್ನತ್ತ ತಿರುಗಿ, “ನಿಮ್ಮ ತಮ್ಮನಿಗೋಸ್ಕರಾನೇ ಅಕ್ಕ, ನೀವೇ ಹೇಳಿ” ಎಂದ.

ಅವನು ಹೇಳಿದ ಬೀದಿಯವರು ಹಿಂದಿನ ದಿನ ಅಂಗಡಿ ಮುಚ್ಚಿ ನಿಂತು ನನ್ನ ತಮ್ಮನ ಮೇಲೆ ಹೂ ಹಾಕಿದ್ದರು. ಗಡಿಯಾಚೆಯವರ ಧರ್ಮವೇ ಇವರದೂ ಎಂಬುದೊಂದೇ ಆ ಸಿಟ್ಟಿಗೆ ಕಾರಣ. ಆ ಬ್ಯಾನರು ಅಲ್ಲಿ ಹೋದರೆ ಏನಾಗುತ್ತದೆಂದು ಒಳಗಿದ್ದ ಎಲ್ಲರಿಗೂ ಗೊತ್ತಿತ್ತು. ಬೇಡ ಎನ್ನುವ ಹಕ್ಕು ನನಗೊಬ್ಬಳಿಗೇ ಇತ್ತು. ನಾನು ಸುಮ್ಮನಿದ್ದೆ. ಹೆದರಿಕೆಯಷ್ಟೇ ಆಗಿದ್ದರೆ ಇಷ್ಟು ವರ್ಷ ಸುಡುತ್ತಿರಲಿಲ್ಲ. ಊರೆಲ್ಲ ನೋಡಲಿ ಎಂದು ನನ್ನೊಳಗೂ ಒಂದು ದನಿ ಇತ್ತು.

ಮಾಮ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ, “ಕೊಡ್ತೀನಿ ಮಾರಾಯ, ತಡಿ” ಎಂದು ಕ್ಯಾಮೆರಾ ಎತ್ತಿಕೊಂಡರು. ಕಿವಿಗೆ ಹಿಡಿಯಲಿಲ್ಲ. ರೋಲನ್ನು ಹಿಂದಕ್ಕೆ ಸುತ್ತಲೂ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಮುಚ್ಚಳ ತೆಗೆದು ಫಿಲ್ಮನ್ನು ಮಾರುದ್ದ ಎಳೆದರು.

“ಅಯ್ಯಯ್ಯೋ! ಸುತ್ತೋದೇ ಮರೆತುಬಿಟ್ನಲ್ಲಪ್ಪ!”

ಚೈನಿನವನು ಮಾಮನ ಕಾಲರ್ ಹಿಡಿದು ಗೋಡೆಗೆ ಒತ್ತಿದ. ಚೈನು ಮೇಲೆದ್ದದ್ದನ್ನು ಕಂಡೆ. ಅದು ಶೋಕೇಸಿಗೆ ಬಿತ್ತು. “ಕೈ ನಡುಗ್ತದೆ ಸ್ವಾಮಿ, ವಯಸ್ಸಾಯ್ತು” ಎಂದು ಮಾಮ ಪೆದ್ದರಂತೆ ಅಳುತ್ತಿದ್ದರು. ಹಿಂದಿದ್ದವನೊಬ್ಬ ನಕ್ಕ. “ಬಿಡೋ, ಮುದುಕನಿಗೆ ಅರಳುಮರಳು.” ಷಟರ್ ಎತ್ತಿ ಎಲ್ಲರೂ ಹೋದರು.

ಮದುಮಗಳ ತಂದೆ ಆಲ್ಕೊಳದಿಂದ ಬಂದು ಅಂಗಡಿಯ ಮುಂದೆ ಕೂಗಾಡಿದಾಗಲೂ ಮಾಮ ಅದನ್ನೇ ಹೇಳಿದರು: ಸುತ್ತುವುದು ಮರೆತೆ. ನಿಜ ಹೇಳಿದ್ದರೆ ಚಿತ್ರದಲ್ಲಿ ಏನಿತ್ತೆಂಬ ಮಾತು ಅಮ್ಮನವರೆಗೆ ಬರುತ್ತಿತ್ತು. ಶಿವಮೊಗ್ಗದ ಕಡೆಯಿಂದ ಮದುವೆಗೆ ಕರೆಯುವವರು ಕಡಿಮೆಯಾದರು. ಪಾಸ್‌ಪೋರ್ಟ್ ಅಳತೆಯ ಚಿತ್ರಗಳಲ್ಲೇ ಅವರ ದಿನ ಕಳೆಯಿತು. ನನಗೆ ಶಿವಮೊಗ್ಗದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು; ಅಮ್ಮನನ್ನು ಕರೆದುಕೊಂಡು ಅಲ್ಲಿನ ರವೀಂದ್ರನಗರಕ್ಕೆ ಬಂದೆ. ಭದ್ರಾವತಿಗೆ ಹೋದಾಗಲೊಮ್ಮೆ, “ಮಾಮ, ಅವತ್ತು…” ಎಂದು ಶುರು ಮಾಡಿದ್ದೆ. “ಮರೆತೆ ಕಣಮ್ಮ” ಎಂದು ಎದ್ದು ಟೀ ತರಿಸಲು ಹೋದರು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ಅವರ ಮನೆಯ ಅಂಗಳದಲ್ಲಿ ಆ ಮದುಮಗಳ ತಂದೆಯೂ ಇದ್ದರು. ಸಿಟ್ಟೆಲ್ಲ ಆರಿತ್ತು. “ಒಳ್ಳೇ ಮನುಷ್ಯ. ಏನ್ಮಾಡೋದು, ನಮ್ಮ ಹುಡುಗಿ ಧಾರೇದು ಒಂದು ಹಾಳು ಮಾಡಿಬಿಟ್ರು” ಎಂದರು.

ಅಮ್ಮ ನನ್ನ ಕೈ ಹಿಡಿದು ನಿಂತಿದ್ದಳು. “ಹೋಗ್ಲಿ ಬಿಡ್ರಿ, ವಯಸ್ಸಾಗಿತ್ತು. ನನ್ನ ಮಗನ್ದು ಒಂದೂ ಹಾಳು ಮಾಡ್ಲಿಲ್ಲ” ಎಂದಳು.

ಅಲ್ಲಿಯೂ ನಾನು ಬಾಯಿ ತೆರೆಯಲಿಲ್ಲ.

ಈಗ ಅಮ್ಮನೂ ಇಲ್ಲ. ತಮ್ಮನಿಗೆ ಏನು ಮಾಡಿದ್ದರೆಂಬುದಕ್ಕೆ ನನ್ನ ಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ; ನಂಬದವರನ್ನು ದೂರಲಾರೆ. ಆದರೆ ಆಲ್ಕೊಳದ ಆ ಮನೆಯವರು ಇದನ್ನು ಓದಿದರೆ ಒಂದು ಮಾತು ಹೇಳಬೇಕು. ಮಾಮ ಸುತ್ತುವುದನ್ನು ಮರೆತಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.