ಅಂಚಿನಕ್ಕನ ಮೂರು ಪದರ

ನಮ್ಮ ಅಂಗಡಿಯ ಪಕ್ಕದ ಹಿಟ್ಟಿನ ಗಿರಣಿಯ ಬೆಲ್ಟಿಗೆ ಹೊಲಿಗೆ ಹಾಕಿದ ಒಂದು ಜಾಗವಿತ್ತು. ಅದು ಚಕ್ರದ ಮೇಲೆ ಹಾದುಹೋದಾಗಲೆಲ್ಲ ಟಪ್ ಅನ್ನುತ್ತಿತ್ತು. ಬೆಳಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಚಿಕ್ಕಮ್ಮ ಕೆಲಸಕ್ಕೆ ಕೂರುವ ಜಾಗದ ಗೋಡೆಗೆ ಆ ಸದ್ದು ಬಡಿಯುತ್ತಲೇ ಇರುತ್ತಿತ್ತು. "ಹೇಗೆ ತಡ್ಕೋತೀರಾ?" ಅಂತ ಯಾರಾದರೂ ಕೇಳಿದರೆ, "ಅದು ನಿಂತ್ರೇನೇ ನನಗೆ ತಲೆನೋವು," ಅನ್ನುತ್ತಿದ್ದಳು.

ಅವಳು ಅಮ್ಮನ ತಂಗಿ. ಅಪ್ಪನ ಬೋರ್ಡ್ ಅಂಗಡಿಗೆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಊರಲ್ಲಿ ಅವಳ ಹೆಸರು ಗೊತ್ತಿದ್ದವರು ಕಡಿಮೆ, ಎಲ್ಲರಿಗೂ ಅವಳು ಅಂಚಿನಕ್ಕ. ಅವಳು ಮಾಡುವ ಹೆಸರುಗಳಲ್ಲಿ ಮೇಲೆ ಕೆಂಪು ಅಕ್ಷರ, ಅದರ ಸುತ್ತ ಬಿಳಿ ಅಂಚು, ಅದರಾಚೆ ಕಡುನೀಲಿ ಅಂಚು. ಒಂದೊಂದು ಬಣ್ಣವನ್ನೂ ಹಿಂದೆ ಅಂಟಿರುವ ಬೇರೆ ಬೇರೆ ವಿನೈಲ್ ಹಾಳೆಯಲ್ಲಿ ಕತ್ತರಿಸಿ, ಒಂದರ ಮೇಲೊಂದು ಕೂರಿಸುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು. ಆಗ ಅವಳನ್ನು ಮಾತಾಡಿಸಿದವರಿಗೆ ಇಡೀ ದಿನ ಮಂಗಳಾರತಿ.

ಕಷ್ಟವಿರುವುದು ಅದಕ್ಕೂ ಮೊದಲು, ಕಂಪ್ಯೂಟರಿನಲ್ಲಿ. ಅಕ್ಷರದ ಸುತ್ತ ಅಂಚು ಎಳೆದಾಗ ಅದು ಉಬ್ಬಿ ಪಕ್ಕದ ಅಕ್ಷರದ ಅಂಚಿನ ಮೇಲೆ ಹತ್ತುತ್ತದೆ. ಹಾಗೆ ಹತ್ತಿದ ಕಡೆಯಲ್ಲೆಲ್ಲ ಬೆಸೆದು, ಇಡೀ ಹೆಸರಿಗೆ ಒಂದೇ ಹೊರಗೆರೆ ಮಾಡಬೇಕು. ಅಂಗಡಿಯಲ್ಲಿ ಇದಕ್ಕೆ ವೆಲ್ಡ್ ಅನ್ನುತ್ತಾರೆ. ಮಾಡದಿದ್ದರೂ ಪರದೆಯಲ್ಲಿ ಗೊತ್ತಾಗುವುದಿಲ್ಲ, ಬಣ್ಣ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಯಂತ್ರದ ಬ್ಲೇಡು ಮಾತ್ರ ಗೆರೆ ಇದ್ದಲ್ಲೆಲ್ಲ ಹೋಗಿ ಕೊಯ್ಯುತ್ತದೆ.

ಅದಕ್ಕೇ ಚಿಕ್ಕಮ್ಮ ಕತ್ತರಿಸುವ ಮೊದಲು ಬಣ್ಣ ತೆಗೆದು, ಬರೀ ಗೆರೆಗಳನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಳು.

"ಏನು, ಹೇನು ಹುಡುಕ್ತಿದೀಯಾ?" ಅಂತ ಅಪ್ಪ ರೇಗಿಸುತ್ತಿದ್ದರು.

"ಹೌದು ಭಾವ. ನಿಮ್ಮ ತಲೇಲಿ ಹುಡುಕೋಣ ಅಂದ್ರೆ ಕೂದಲೇ ಇಲ್ಲ."

ಅಂಗಡಿಯ ಮೇಲಿದ್ದದ್ದು ಅಪ್ಪನ ಹೆಸರು, ಬಿಲ್ಲಿನ ಮೇಲಿದ್ದದ್ದೂ ಅದೇ. ಆದರೆ ಔಷಧಿ ಅಂಗಡಿಯ ಗಾಜಿನ ಮೇಲೆ, ಲಾರಿಗಳ ಹಣೆಯ ಮೇಲೆ ಆ ಅಂಚು ಕಂಡವರು "ಇದು ಅಂಚಿನಕ್ಕನ ಕೈ" ಅನ್ನುತ್ತಿದ್ದರು. ಚಿಕ್ಕಮ್ಮನಿಗೆ ದಕ್ಕಿದ್ದು ಆ ಮಾತೊಂದೇ.

ಶಾಲೆಯೊಂದರ ಆರು ವ್ಯಾನುಗಳಿಗೆ ಹೆಸರು ಅಂಟಿಸುವ ಕೆಲಸ ಬಂತು. ಅಪ್ಪ ಸೋಮವಾರಕ್ಕೆ ಕೊಡುತ್ತೇನೆಂದು ಒಪ್ಪಿಕೊಂಡರು. ಚಿಕ್ಕಮ್ಮ ಬುಧವಾರ ಅಂದಳು.

"ಗುಂಡಿ ಒತ್ತಿದ್ರೆ ಮೆಷಿನ್ನು ತಾನೇ ಕತ್ತರಿಸುತ್ತೆ. ನೀನೇನು ಕತ್ತರಿ ಹಿಡ್ಕೊಂಡು ಕೂತಿರ್ತೀಯಾ?"

"ಹಾಗಿದ್ರೆ ನೀವೇ ಒತ್ತಿ ಭಾವ."

ಅಪ್ಪ ಒತ್ತಿಯೇಬಿಟ್ಟರು. ಭಾನುವಾರ ಅವಳು ರಜೆಯಲ್ಲಿದ್ದಾಗ ತಾವೇ ಅಂಚು ಎಳೆದು, ಕತ್ತರಿಸಿ, ಅಂಟಿಸಿದರು. ಸೋಮವಾರ ಅವಳು ಬರುವಷ್ಟರಲ್ಲಿ ವ್ಯಾನುಗಳು ಹೋಗಿದ್ದವು. "ವೆಲ್ಡ್ ಮಾಡಿದ್ರಾ?" ಅಂತ ಕೇಳಿದ್ದಕ್ಕೆ, "ನೀನು ಹುಟ್ಟೋ ಮೊದಲೇ ನಾನು ಬೋರ್ಡ್ ಬರೀತಿದ್ದೆ," ಅಂದರು. ಲೆಕ್ಕ ಹಾಕಿದರೆ ಆಗ ಅಪ್ಪನಿಗೆ ಆರು ವರ್ಷ.

ಹತ್ತು ದಿನ ಕಳೆದು ವ್ಯಾನಿನ ಯಜಮಾನರು ಬಂದರು. ನಾನು ಬಿಲ್ಲು ಬರೆಯುತ್ತಾ ಕೂತಿದ್ದೆ. ಅವರು ಅಂಗೈ ಬಿಚ್ಚಿ ತೋರಿಸಿದರು. ಎಲೆಯ ಆಕಾರದ ಸಣ್ಣ ನೀಲಿ ಚೂರುಗಳು.

"ಎರಡು ಸಲ ತೊಳೆದಿದ್ದೇ ತಡ, ಉದುರೋಕೆ ಶುರುವಾಯ್ತು. ಮಕ್ಕಳು ಕಿತ್ತು ಹಣೆಗೆ ಅಂಟಿಸ್ಕೊಂಡು ಆಡ್ತಿದಾರೆ. ಅಂಚಿನಕ್ಕನ ಕೆಲಸ ಅಂತ ನಂಬಿ ಬಂದಿದ್ದೆ ನಾನು."

ಅಪ್ಪ ಲೋಟದಲ್ಲಿದ್ದ ನೀರನ್ನು ನಿಧಾನವಾಗಿ ಕುಡಿದರು. "ಏನ್ ಮಾಡೋದು ಹೇಳಿ. ಅವಳಿಗೂ ವಯಸ್ಸಾಯ್ತು, ಕಣ್ಣು ಮೊದಲಿನ ಹಾಗಿಲ್ಲ."

ಚಿಕ್ಕಮ್ಮನಿಗೆ ನಲವತ್ತೊಂದು. ನಾಲ್ಕು ಹೆಜ್ಜೆ ಆಚೆ ನಿಂತು ಬಿಳಿ ಹಾಳೆಯಿಂದ ಬೇಡದ ಚೂರು ಕೀಳುತ್ತಿದ್ದಳು. ಚಿಮಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟಳು.

"ಸ್ವಲ್ಪ ಇಲ್ಲಿ ಬನ್ನಿ," ಅಂದಳು ವ್ಯಾನಿನವರಿಗೆ.

"ಈಗ ಬೇಡ," ಅಂದರು ಅಪ್ಪ.

"ಈಗಲೇ ಭಾವ."

ವ್ಯಾನಿನ ಫೈಲು ತೆರೆದಳು. ಪರದೆಯ ತುಂಬ ಕೆಂಪು, ಬಿಳಿ, ನೀಲಿ. "ಹೇಗಿದೆ?"

"ಚೆನ್ನಾಗೇ ಇದೆಯಲ್ಲ."

ಬಣ್ಣ ತೆಗೆದಳು. ಅಕ್ಷರಗಳ ನಡುವೆಯೆಲ್ಲ ಗೆರೆಗಳು ಒಂದಕ್ಕೊಂದು ಅಡ್ಡ ಹಾಯ್ದಿದ್ದವು. ಅವರ ಅಂಗೈಯಿಂದ ಒಂದು ಚೂರು ತೆಗೆದು, ಎರಡು ಗೆರೆ ಕೂಡಿದ ಜಾಗಕ್ಕೆ ಹಿಡಿದಳು. ಅದೇ ಎಲೆ. ಆಮೇಲೆ ಔಷಧಿ ಅಂಗಡಿಯ ಹಳೆಯ ಫೈಲು ತೆರೆದು ಅದರ ಬಣ್ಣವನ್ನೂ ತೆಗೆದಳು. ಹೆಸರಿನ ಸುತ್ತ ಒಂದೇ ಒಂದು ಗೆರೆ, ಎಲ್ಲೂ ತುಂಡಾಗದೆ ಸುತ್ತಿ ಬಂದಿತ್ತು.

"ಇದು ನನ್ನ ಕೆಲಸ. ನಿಮ್ಮದು ನಾನು ಮಾಡಿದ್ದಲ್ಲ."

"ಮತ್ತೆ ಯಾರು?"

"ಹೇಳಿ ಭಾವ."

ಅಪ್ಪ ಖಾಲಿ ಲೋಟವನ್ನು ಮತ್ತೆ ಬಾಯಿಗಿಟ್ಟರು. ನಾನು ತಲೆ ತಗ್ಗಿಸಿ ಬಿಲ್ಲಿನ ಪುಸ್ತಕ ನೋಡಿದೆ. ವ್ಯಾನಿನವರು ನಮ್ಮಿಬ್ಬರನ್ನೂ ನೋಡಿ, ಕೇಳಿದ್ದಕ್ಕೆ ಉತ್ತರ ಸಿಕ್ಕವರಂತೆ ತಲೆಯಾಡಿಸಿದರು.

"ಸರಿ ಮಾಡ್ಕೊಡ್ತೀರಾ ಅಕ್ಕ?"

"ಆರನ್ನೂ ಹೊಸದಾಗಿ ಮಾಡ್ಕೊಡ್ತೀನಿ. ಬುಧವಾರಕ್ಕೆ. ಸೋಮವಾರಕ್ಕೇ ಬೇಕು ಅಂದ್ರೆ ಇವರಿದಾರೆ."

ಅವರು ನಗುತ್ತಾ ಹೊರಟರು. ಅವರ ಗಾಡಿ ತಿರುವು ದಾಟಿದ ಮೇಲೆ ಅಪ್ಪ ಲೋಟ ಕೆಳಗಿಟ್ಟರು.

"ಗಿರಾಕಿ ಮುಂದೆ ನನ್ನ ಮಾನ ತೆಗೆದೆಯಲ್ಲ. ಅನ್ನ ಹಾಕಿದ ಅಂಗಡಿ ಇದು."

"ಅನ್ನ ನೀವು ಹಾಕಿದ್ದಲ್ಲ, ನಾನು ದುಡಿದದ್ದು. ನೀವು ತಪ್ಪು ಮಾಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಅದನ್ನ ನನ್ನ ತಲೆಗೆ ಕಟ್ಟಿದ್ರಲ್ಲ, ಅದಕ್ಕೆ."

"ಮನೆಯವಳು ಅಂತ ಒಂದು ಮಾತು ಅಂದೆ. ಅಷ್ಟೂ ಸಹಿಸ್ಕೊಳ್ಳೋಕಾಗಲ್ವಾ?"

"ಆಗಲ್ಲ ಭಾವ."

ಚೀಲ ಹೆಗಲಿಗೇರಿಸಿದಳು. ಅಪ್ಪ ಗಡಿಯಾರ ನೋಡಿದರು, ಇನ್ನೂ ಮಧ್ಯಾಹ್ನ ಮೂರು.

"ಎಲ್ಲಿಗೆ?"

"ಮನೆಗೆ. ನಾಳೆ ಬರೋಷ್ಟರಲ್ಲಿ ನೀಲಿ ಹಾಳೆ ತರಿಸಿಡಿ. ಆ ಮೆಷಿನ್ನಿನ ಗುಂಡಿ ಇನ್ಮೇಲೆ ನಾನು ಮಾತ್ರ ಒತ್ತೋದು. ಇನ್ನೊಂದ್ಸಲ ನಾನು ಮಾಡದ ಕೆಲಸಕ್ಕೆ ನನ್ನ ಹೆಸರು ಹೇಳಿದ್ರೆ, ಎದುರು ಬೀದೀಲಿ ಖಾಲಿ ಇರೋ ಆ ಮಳಿಗೆ ನೋಡಿದೀರಲ್ಲ, ಅದರ ಬೀಗದ ಕೈ ಯಾರ ಹತ್ರ ಇದೆ ಅಂತ ನಾನು ಹೋದ ವಾರಾನೇ ವಿಚಾರಿಸಿದೀನಿ," ಅನ್ನುತ್ತಲೇ ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಂಡು, ಹಿಂದೆ ತಿರುಗಿ ನೋಡದೆ ಬಿಸಿಲಲ್ಲಿ ನಡೆದುಬಿಟ್ಟಳು.