ಎತ್ತಿಕೊಡುವವನ ಟವೆಲ್ಲು

ಕೋಲಾರದ ಬಸ್ ಸ್ಟ್ಯಾಂಡಿನೊಳಗೆ ಬಸ್ಸಿನ ಮೂತಿ ಕಾಣಿಸುವುದಕ್ಕೂ ಅದರ ಕಿಟಕಿಗಳಲ್ಲಿ ಟವೆಲ್ಲುಗಳು ತೂರಿಕೊಳ್ಳುವುದಕ್ಕೂ ನಡುವೆ ಉಸಿರೆಳೆದುಕೊಳ್ಳುವಷ್ಟು ಹೊತ್ತೂ ಇರುವುದಿಲ್ಲವೆಂಬುದನ್ನು ಆ ಕಡೆ ಓಡಾಡಿದ್ದರೆ ನೀವೂ ಗಮನಿಸಿಯೇ ಇರುತ್ತೀರಿ. ಸರ್ಕಾರದ ಮೊಹರು ಬಿದ್ದ ಪತ್ರವನ್ನೂ ಕೋರ್ಟಿಗೆಳೆಯುವ ನಮ್ಮ ಜನ, ಸೀಟಿನ ಮೇಲೆ ಬಿದ್ದ ಬೆವರುವಾಸನೆಯ ಟವೆಲ್ಲಿನ ಹಕ್ಕನ್ನು ಮಾತ್ರ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತಾರೆ. ಟವೆಲ್ಲು ಹಾಕುವವರಲ್ಲಿ ತಮಗಾಗಿ ಹಾಕುವವರೇ ಎಲ್ಲರೂ. ಇನ್ನೊಬ್ಬರಿಗಾಗಿ ಹಾಕುತ್ತಿದ್ದವನೆಂದು ನಾನು ಕಂಡದ್ದು ಒಬ್ಬನನ್ನೇ. ಅವನು ನಮ್ಮ ಕ್ಯಾಲನೂರಿನ ಮುನಿವೆಂಕಟ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ನಮ್ಮೂರಿನ ವಾಲಿಬಾಲ್ ತಂಡವೆಂದರೆ ಮಾಲೂರಿನಿಂದ ಮುಳಬಾಗಿಲಿನವರೆಗೆ ಹೆಸರು. ಆ ಹೆಸರಿಗೆ ನಾನೂ ಕಾರಣನೆಂದು ಹೇಳಿಕೊಳ್ಳಬಹುದು, ಏಕೆಂದರೆ ನಾನು ಎಂದೂ ಆಡಲಿಲ್ಲ. ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಆಡಲು ಬಾರದವನಿಗೆ ನೆಟ್ಟು ಹೊರಿಸುವಾಗ ಕೊಡುವ ಗೌರವದ ಹೆಸರು ಅದು. ನೆಟ್ಟು ಕಟ್ಟಿ, ಚೆಂಡಿಗೆ ಗಾಳಿ ತುಂಬಿ, ಉಳಿದ ಗಾಳಿಯನ್ನು ತಂಡದ ಏಕತೆಯ ಬಗೆಗಿನ ಭಾಷಣಕ್ಕೆ ವಿನಿಯೋಗಿಸುತ್ತಿದ್ದೆ.

ತಂಡದ ಕಣ್ಮಣಿ ಕೋದಂಡ. ಹಿಪ್ಪುನೇರಳೆ ತೋಟದ ಮನೆಯವನು, ಆರಡಿಯ ಆಳು, ಸ್ಮ್ಯಾಷರ್. ಅವನು ನೆಟ್ಟಿನ ಮೇಲಕ್ಕೆ ಹಾರಿ ಚೆಂಡನ್ನು ಆ ಕಡೆಯ ನೆಲಕ್ಕೆ ಅಪ್ಪಳಿಸಿದರೆ ಎದುರು ತಂಡದವರು ಚೆಂಡಿಗಿಂತ ಮೊದಲು ತಮ್ಮ ಮುಖವನ್ನು ರಕ್ಷಿಸಿಕೊಳ್ಳುತ್ತಿದ್ದರು. ಆ ಚೆಂಡನ್ನು ಅವನ ಕೈಗೆ ಸರಿಯಾದ ಎತ್ತರಕ್ಕೆ, ಹೂವಿನ ಹಾಗೆ ಎತ್ತಿಕೊಡುತ್ತಿದ್ದವನು ಮುನಿವೆಂಕಟ. ಜನ ನೋಡುವುದು ಹೊಡೆತವನ್ನು, ಎತ್ತಿಕೊಟ್ಟ ಬೆರಳುಗಳನ್ನಲ್ಲ. ಆ ಅಭ್ಯಾಸ ಮೈದಾನದಾಚೆಗೂ ಹಬ್ಬಿತ್ತೋ ಏನೋ, ಪಂದ್ಯಕ್ಕೆ ಹೊರಟಾಗ ಮುನಿವೆಂಕಟನೇ ಮುಂಚೆ ಓಡಿ ಕಿಟಕಿ ಪಕ್ಕದ ಸೀಟಿಗೆ ಟವೆಲ್ಲು ಹಾಕುವನು. ಕೋದಂಡ ಬೀಡಾ ಜಗಿಯುತ್ತ ಬಂದು ಅದರ ಮೇಲೆ ಕೂರುವನು. ಮುನಿವೆಂಕಟ ಪಕ್ಕದಲ್ಲಿ ನಿಲ್ಲುವನು.

ಹೀಗಿರಲು, ಮಾವಿನ ಕಾಲದಲ್ಲಿ ಶ್ರೀನಿವಾಸಪುರದಲ್ಲಿ ನಡೆಯುವ ಫೈನಲ್ಲಿಗೆ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ಸಾಹೇಬರು ಬರುತ್ತಾರೆಂದೂ, ಕಾರ್ಖಾನೆಯ ತಂಡಕ್ಕೆ ಒಬ್ಬ ಆಟಗಾರನನ್ನು ಕಾಯಂ ನೌಕರಿ ಕೊಟ್ಟು ಕರೆದೊಯ್ಯುತ್ತಾರೆಂದೂ ಸುದ್ದಿ ಬಂತು. ಬೆಳಿಗ್ಗೆ ಮೆಷೀನಿನ ಮುಂದೆ ಅರ್ಧ ದಿನ ನಿಂತು, ಉಳಿದರ್ಧ ಆಡುವುದಕ್ಕೇ ಸಂಬಳ. ಅಂದಿನಿಂದ ನಮ್ಮ ತಂಡದ ಏಕತೆ ಕಣ್ಣಿಗೆ ಕಟ್ಟುವಂತೆ ವರ್ಧಿಸಿತು: ಆರು ಜನಕ್ಕೂ ಒಂದೇ ಆಸೆ, ಒಂದೇ ಗುರಿ, ಒಂದೇ ನೌಕರಿ.

ಆ ನೌಕರಿಯ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದ್ದದ್ದು ಮುನಿವೆಂಕಟನಿಗೆ. ಡೇರಿಯಲ್ಲಿ ಹಾಲಿನ ಕ್ಯಾನು ಎತ್ತಿಡುವ ಅವನ ಕೆಲಸ, ಡೇರಿಯ ಅಧ್ಯಕ್ಷರ ಮನಸ್ಸಿನ ಮೇಲೆ ನಿಂತಿತ್ತು. ಅವರ ಮನಸ್ಸೋ ಚುನಾವಣೆಯ ಮೇಲೆ ನಿಂತಿತ್ತು. ಆವನಿ ಊರಿನ ಹುಡುಗಿಯೊಬ್ಬಳು ಅವನನ್ನು ಒಪ್ಪಿದ್ದಳು. ಕೆಲಸ ಕಾಯಂ ಆದಮೇಲೆ ಮಾತಾಡೋಣ ಎಂದು ಅವಳ ಅಪ್ಪ ಕಾಫಿ ಕೊಟ್ಟು ಕಳಿಸಿದ್ದರು.

ಫೈನಲ್ಲಿನ ದಿನ ಬಸ್ಸಿನಲ್ಲಿ, ಮುನಿವೆಂಕಟನ ಟವೆಲ್ಲಿನ ಮೇಲೆ ಕೂತ ಕೋದಂಡನಿಗೆ ಗಾಳಿ ಹಿತವಾಗಿ ಬೀಸಿ ಔದಾರ್ಯ ಉಕ್ಕಿತು.

“ಲೇ ಮುನಿಯಾ, ಇವತ್ತು ನಾಲ್ಕು ಬಾಲು ನೀನೂ ಹೊಡಿ ಕಣೋ. ನಾನೇ ಎತ್ತಿಕೊಡ್ತೀನಿ. ಸಾಹೇಬ್ರು ನಿನ್ನೂ ಒಂದ್ ಸಲ ನೋಡ್ಲಿ.”

“ಮರೀಬೇಡಪ್ಪಾ ಮತ್ತೆ,” ಎಂದ ನಿಂತಿದ್ದ ಮುನಿವೆಂಕಟ.

ನಾನು ಕಣ್ಣೊರೆಸಿಕೊಂಡೆ. ನನ್ನ ಭಾಷಣಗಳು ಕಡೆಗೂ ಫಲಿಸಿದವೆಂದುಕೊಂಡೆ.

ಆಟ ಶುರುವಾಯಿತು. ಸಾಹೇಬರು ಶಾಮಿಯಾನದ ಕೆಳಗೆ ಕೂತದ್ದೇ ತಡ, ನಮ್ಮ ಹಿಂದಿನ ಸಾಲಿನವರಿಗೆ ತಮ್ಮೊಳಗಿನ ಸ್ಮ್ಯಾಷರನ ಸಾಕ್ಷಾತ್ಕಾರವಾಯಿತು. ಬಂದ ಚೆಂಡನ್ನು ಮುಂದಕ್ಕೆ ಕೊಡುವುದನ್ನು ಬಿಟ್ಟು ನಿಂತಲ್ಲಿಂದಲೇ ಬಾರಿಸಿ ಪಕ್ಕದ ಮಾವಿನ ಮಂಡಿಗೆ ಕಳಿಸತೊಡಗಿದರು. ಇಷ್ಟಾದರೂ ನಾವು ಸೋಲಲಿಲ್ಲ. ಸಾಹೇಬರ ಸುದ್ದಿ ಎದುರು ತಂಡಕ್ಕೂ ಮುಟ್ಟಿತ್ತು.

ಒಂದೇ ಒಂದು ಸಲ ಕೋದಂಡನ ಮಾತಿಗೆ ಮುಹೂರ್ತ ಕೂಡಿ ಬಂತು. ಚೆಂಡು ನೆಟ್ಟಿನ ಬಳಿ ಅವನ ಬೆರಳುಗಳಿಗೇ ಬಂದಿಳಿಯಿತು. ಮುನಿವೆಂಕಟ ಕೈಯೆತ್ತಿ ಹಾರಿದ. ಜನ “ಕೊಟ್ಟರಾ ಕೋದಂಡಾ” ಎಂದು ತೆಲುಗಿನಲ್ಲಿ ಕೂಗಿದರು. ಹೊಡೆಯೋ ಎಂಬ ಆ ಕೂಗು ಕಿವಿಗೆ ಬಿದ್ದ ಕೋದಂಡ ಚೆಂಡನ್ನು ತಾನೇ ನೆಟ್ಟಿನಾಚೆಗೆ ತಳ್ಳಿ ಅಂಕ ಗಳಿಸಿದ. ಮುನಿವೆಂಕಟ ಬರೀ ಗಾಳಿಯನ್ನು ಸವರಿ ನೆಲಕ್ಕಿಳಿದು, ಮುಂದಿನ ಚೆಂಡನ್ನು ಎಂದಿನಂತೆ ಹೂವಿನ ಹಾಗೆ ಎತ್ತಿಕೊಟ್ಟ. ಸಾಹೇಬರ ಕತ್ತು ಕೋದಂಡನ ಜೊತೆಗೇ ಮೇಲೇರಿ, ಅವನ ಜೊತೆಗೇ ಇಳಿಯುತ್ತಿತ್ತು.

ನೌಕರಿ ಯಾರಿಗೆಂದು ಬೇರೆ ಹೇಳಬೇಕಿಲ್ಲ. ಗೆದ್ದವರ ಪರವಾಗಿ ಮೈಕು ಹಿಡಿದ ಕೋದಂಡ, ಇದು ತನ್ನೊಬ್ಬನ ಗೆಲುವಲ್ಲ, ತಂಡದ ಗೆಲುವು ಎಂದು ಗದ್ಗದಿತನಾಗಿ ನುಡಿದ. ಒಳ್ಳೆಯ ಸ್ಮ್ಯಾಷರನಿಗೆಂದು ಕೊಟ್ಟ ಮಾವಿನ ಬುಟ್ಟಿಯನ್ನು ಬಸ್ಸಿನಲ್ಲಿ ತನ್ನ ಕಾಲ ಸಂದಿಯಲ್ಲಿಟ್ಟುಕೊಂಡು ಬಂದ. ಪರಿಮಳವನ್ನು ಮಾತ್ರ ತಂಡಕ್ಕೆ ಧಾರಾಳವಾಗಿ ಬಿಟ್ಟುಕೊಟ್ಟ. ಮರುದಿನ ಮುನಿವೆಂಕಟ ಡೇರಿಯಲ್ಲಿ ಕ್ಯಾನು ಎತ್ತುತ್ತಿದ್ದ. ನಾನು ಏಕತೆಯ ವಿಷಯ ಎತ್ತಲಿಲ್ಲ.

ಮುಂದಿನ ದೀಪಾವಳಿಗೆ ಕೋದಂಡ ಊರಿಗೆ ಬಂದಾಗ ಕಾರ್ಖಾನೆಯ ಬಣ್ಣದ ಬನಿಯನ್ನಿನೊಳಗೆ ಮನುಷ್ಯ ಅರ್ಧವಾಗಿದ್ದ. ಸಾಹೇಬರು ಊರೂರು ಸುತ್ತಿ, ಎಲ್ಲೆಲ್ಲಿ ಕತ್ತು ಮೇಲೇರಿತೋ ಅಲ್ಲಲ್ಲಿಂದೆಲ್ಲ ಸ್ಮ್ಯಾಷರುಗಳನ್ನೇ ಆರಿಸಿ ತಂದಿದ್ದರಂತೆ. ಆರು ಜನ ದಿಬ್ಬಣದ ಗಂಡುಗಳು, ತಾಳಿ ಎತ್ತಿಕೊಡಲು ಪುರೋಹಿತನೇ ಇಲ್ಲ. ಸರದಿಯ ಮೇಲೆ ಎತ್ತಿಕೊಡಬೇಕೆಂದು ಆಜ್ಞೆಯಾದರೆ, ಇನ್ನೊಬ್ಬನಿಗೆ ಎಲ್ಲಿ ಹೆಸರು ಬಂದುಬಿಡುವುದೋ ಎಂದು ಪ್ರತಿಯೊಬ್ಬನೂ ಒಂದು ಗೇಣು ಕೆಳಗೇ ಎತ್ತುತ್ತಿದ್ದ. ಹೋದಲ್ಲೆಲ್ಲ ಸೋಲು. ಇನ್ನೂ ಸೋತರೆ ಆಟ ಬಂದ್, ಇಡೀ ದಿನ ಮೆಷೀನಿನ ಮುಂದೆ ನಿಲ್ಲಿಸುತ್ತೇನೆಂದು ಸಾಹೇಬರು ಗುಡುಗಿದ್ದರು. ಆಗ ಕೋದಂಡನೇ ಅವರ ಬಾಗಿಲು ಕಾದು ಮುನಿವೆಂಕಟನ ಹೆಸರು ಹೇಳಿದನಂತೆ. ಅಂಥವನೊಬ್ಬ ಅವತ್ತು ಆಡಿದ್ದನೇ ಎಂದು ಸಾಹೇಬರು ಬೆರಗಾದರಂತೆ.

ಕೋದಂಡ ನನ್ನನ್ನೂ ಕರೆದುಕೊಂಡು ಡೇರಿಗೇ ಬಂದು ಹೇಳಿದ್ದನ್ನೆಲ್ಲ ಮುನಿವೆಂಕಟ ಕೈಲಿದ್ದ ಕ್ಯಾನು ಕೆಳಗಿಟ್ಟು ಕೇಳಿಸಿಕೊಂಡ.

“ನಂಗೋಸ್ಕರ ಹೇಳ್ದೇನೋ?”

ಕೋದಂಡ ನನ್ನ ಕಡೆ ನೋಡಿದ, ಡೇರಿಯ ಗೋಡೆ ನೋಡಿದ. “ಇಲ್ಲ ಕಣೋ. ನಂಗೋಸ್ಕರ.”

ನಾನು ಎಷ್ಟೋ ವರ್ಷ ತುಂಬಿದ ಗಾಳಿಯೆಲ್ಲ ಆ ಒಂದು ಮಾತಿನ ಸೂಜಿಗೆ ಇಳಿದುಹೋಯಿತು. ಒಬ್ಬರಿಗೊಬ್ಬರು ಬೇಕೆಂಬುದು ಅರಿವಾಗಲು ಸದ್ಗುಣವೇ ಬೇಕಿಲ್ಲ, ಸರಿಯಾಗಿ ನಾಲ್ಕು ಸಲ ಸೋತರೆ ಸಾಕು ಎಂಬುದು ಯಾವ ಭಾಷಣದಲ್ಲೂ ನನಗೆ ಹೊಳೆದಿರಲಿಲ್ಲ.

ಮುನಿವೆಂಕಟನಿಗೆ ನೌಕರಿಯ ಕಾಗದಪತ್ರ ಬಂತು, ಆವನಿಯ ಹುಡುಗಿಯ ಅಪ್ಪನಿಗೆ ಹೇಳಿಕಳಿಸಿದ್ದೂ ಆಯಿತು. ಇಬ್ಬರನ್ನೂ ಬೆಂಗಳೂರಿನ ಬಸ್ಸಿಗೆ ಹತ್ತಿಸಲು ನಾನು ಕೋಲಾರಕ್ಕೆ ಹೋಗಿದ್ದೆ. ಬಸ್ಸಿನ ಮೂತಿ ಕಂಡದ್ದೇ ಓಡಿದವನು ಕೋದಂಡ. ಟವೆಲ್ಲನ್ನು ಇಬ್ಬರು ಕೂರುವ ಸೀಟಿನ ಉದ್ದಕ್ಕೂ ಬೀಳುವಂತೆ ಬೀಸಿ ಎಸೆದ, ಹತ್ತಿದ, ಕಿಟಕಿಗೆ ಅಂಟಿ ಕೂತು, ಪಕ್ಕದ ಜಾಗ ತಟ್ಟಿ ಮುನಿವೆಂಕಟನನ್ನು ಕರೆದ. ಅವನ ಪಾಲಿಗೆ ಅದು ಮಹಾತ್ಯಾಗವೇ.

ಮುನಿವೆಂಕಟ ಟ್ರಂಕು ಹಿಡಿದು ಹತ್ತಿದ, ಕೂರಲಿಲ್ಲ.

“ಅಲ್ಲಿಂದ ಏಳೋ ಕೋದಂಡ. ಕಿಟಕಿ ನಂಗಿರಲಿ.”

ಕೋದಂಡ ಅವನ ಮುಖ ನೋಡಿದ. ಆಮೇಲೆ ಟ್ರಂಕು ಹಿಡಿದಿದ್ದ ಬೆರಳುಗಳನ್ನು ನೋಡಿದ. ಎದ್ದು ಜಾಗ ಬಿಟ್ಟ. ಬಸ್ಸು ಹೊರಟಾಗ ಮುನಿವೆಂಕಟ ಕಿಟಕಿಯಿಂದ ನನಗೆ ಕೈ ಬೀಸುತ್ತಿದ್ದ. ಕೋದಂಡನ ಟವೆಲ್ಲು ಅವನ ಕೆಳಗೇ ಇತ್ತು.