ಕೊನೆಗೆ ಉಳಿಸಿದವರದೇ ಖರೆ

ಸಿಂದಗಿಯ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿದ್ದ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಫರಹತಳಷ್ಟು ಹಳಬರು ಯಾರೂ ಇರಲಿಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಶಾಖೆಗಳಿದ್ದ ಒಂದು ಖಾಸಗಿ ಆಸ್ಪತ್ರೆಗೆ ಆ ಕಚೇರಿಯವರು ತಂತ್ರಾಂಶ ಕಟ್ಟಿಕೊಟ್ಟಿದ್ದರು. ವಾರ್ಡು, ಔಷಧ ಅಂಗಡಿ, ಪ್ರಯೋಗಾಲಯ, ಎಲ್ಲ ಕಡೆಯ ಪರದೆಗಳೂ ರೋಗಿಯ ಮಾಹಿತಿಯನ್ನು ಒಂದೇ ಡೇಟಾಬೇಸಿನಿಂದ ತರಬೇಕು, ಅಲ್ಲಿಗೇ ಬರೆಯಬೇಕು. ಈ ತರುವ, ಬರೆಯುವ ಕೆಲಸವನ್ನೆಲ್ಲ ನೋಡಿಕೊಳ್ಳುವ ನಡುವಿನ ಪದರವನ್ನು ವಿನ್ಯಾಸ ಮಾಡಿದವಳು ಫರಹತ. ಅದನ್ನು ದಾಟಿ ಯಾವ ಪರದೆಯೂ ಡೇಟಾಬೇಸಿಗೆ ಕೈ ಹಾಕುವಂತಿರಲಿಲ್ಲ.

ಅದರಲ್ಲೊಂದು ತಪಾಸಣೆ ಇಟ್ಟಿದ್ದಳು. ಒಬ್ಬರು ದಾಖಲೆ ತೆರೆದಿಟ್ಟುಕೊಂಡಿರುವಾಗ ಇನ್ನೊಬ್ಬರು ಅದನ್ನು ಬದಲಿಸಿದರೆ, ಮೊದಲಿನವರು ತಾವು ಬರೆದದ್ದನ್ನು ಉಳಿಸಲು ಹೋದಾಗ ಪದರ ತಡೆಯುತ್ತಿತ್ತು. ‘ಯಾರೋ ಬದಲಿಸಿದ್ದಾರೆ, ಮತ್ತೊಮ್ಮೆ ನೋಡಿ’ ಎನ್ನುತ್ತಿತ್ತು.

ಆಸ್ಪತ್ರೆಯವರಿಗೆ ಅದೇ ಕಿರಿಕಿರಿ. ಪ್ರತಿ ಸಲ ಮತ್ತೆ ನೋಡುತ್ತ ಕೂತರೆ ಔಷಧದ ಕೌಂಟರಿನಲ್ಲಿ ಜನರ ಸಾಲು ಬೆಳೆಯುತ್ತದೆ ಎಂದು ದೂರಿದರು. ಕಚೇರಿಯ ಮಾಲೀಕ ಸುಜಯ ಅವಳನ್ನು ಕರೆದು ತಪಾಸಣೆ ತೆಗೆಯಲು ಹೇಳಿದ.

“ತೆಗದ್ರ ಕಡೀಕ ಉಳಿಸಿದವ್ರದ್ದ ಖರೆ ಆಗ್ತೈತ್ರಿ ಸರ್. ಮೊದಲ ಬರದವ್ರದ್ದು ಅಳಿಸಿ ಹೋಗ್ತೈತಿ. ಯಾರಿಗೂ ಗೊತ್ತಾಗಂಗಿಲ್ಲ.”

“ಹಂಗ ಎಷ್ಟ ಸಲ ಆಗ್ತೈತ್ರಿ, ಫರಹತ ಅವರ? ಆಸ್ಪತ್ರಿಯವ್ರು ನಮ್ಮನ್ನ ಕೈಬಿಟ್ಟ್ರ ಆಫೀಸ ಬಾಗಲಾ ಹಾಕ್ಬೇಕಾಗ್ತೈತಿ.”

ಇಡೀ ದಾಖಲೆಯನ್ನು ಮತ್ತೆ ಬರೆಯದೆ, ಬದಲಾದ ಭಾಗವನ್ನಷ್ಟೇ ಬರೆಯುವಂತೆ ಪದರವನ್ನು ತಿದ್ದೋಣ, ಸ್ವಲ್ಪ ಸಮಯ ಕೊಡಿ ಎಂದು ಕೇಳಿದಳು. ಅವನು ಕೊಡಲಿಲ್ಲ. ಊರಲ್ಲಿ ಇಂಥ ನೌಕರಿ ಇನ್ನೊಂದಿರಲಿಲ್ಲ. ಫರಹತ ತಾನೇ ಕೂತು ತಪಾಸಣೆಯನ್ನು ಅಳಿಸಿದಳು. ಆಸ್ಪತ್ರೆಯವರು ಫೋನು ಮಾಡಿ ಹೊಗಳಿದರು.

ಆ ಮಳೆಗಾಲದಲ್ಲಿ ಮಸೂತಿ ಎಂಬ ಹಳ್ಳಿಯ ಹಜರಾಬಿ ಜ್ವರ ಬಂದು ಆ ಆಸ್ಪತ್ರೆಯ ಬಾಗೇವಾಡಿ ಶಾಖೆಗೆ ಸೇರಿದಳು. ಪೆನಿಸಿಲಿನ್ ತನಗೆ ಒಗ್ಗುವುದಿಲ್ಲ ಎಂದು ಅವಳು ಹೇಳಿದ್ದನ್ನು ನರ್ಸ್ ಮುಕ್ತಾ ಕೂಡಲೇ ದಾಖಲೆಯಲ್ಲಿ ಬರೆದಳು. ಆದರೆ ಔಷಧ ಅಂಗಡಿಯವರು ಅದೇ ದಾಖಲೆಯನ್ನು ಅದಕ್ಕೂ ಮೊದಲೇ ತೆರೆದಿಟ್ಟಿದ್ದರು. ಅವರು ಮಾತ್ರೆಯ ಹೆಸರು ಸೇರಿಸಿ ಉಳಿಸಿದಾಗ ಅವರ ಹಳೆಯ ಪ್ರತಿಯೇ ಇಡಿಯಾಗಿ ಕೂತು, ಮುಕ್ತಾ ಬರೆದದ್ದು ಅಳಿಸಿಹೋಯಿತು. ಮುಂದಿನ ಪಾಳಿಯ ವೈದ್ಯರಿಗೆ ಒಗ್ಗದ ಔಷಧ ಬರೆಯುವ ಜಾಗ ಖಾಲಿ ಕಂಡಿತು. ಅವರು ಪೆನಿಸಿಲಿನ್ ಬರೆದರು. ಇಂಜೆಕ್ಷನ್ ಆದ ಕೂಡಲೇ ಹಜರಾಬಿಗೆ ಉಸಿರು ಕಟ್ಟಿತು. ವಿಜಯಪುರಕ್ಕೆ ಒಯ್ಯುವಾಗ ದಾರಿಯಲ್ಲೇ ಜೀವ ಹೋಯಿತು.

ನರ್ಸ್ ಬರೆದೇ ಇಲ್ಲ ಎಂದು ಆಸ್ಪತ್ರೆ ಹೇಳಿತು. ತಂತ್ರಾಂಶದಲ್ಲಿ ದೋಷವಿಲ್ಲ ಎಂದು ಸುಜಯ ಹೇಳಿದ. ಮುಕ್ತಾಳನ್ನು ಕೆಲಸದಿಂದ ತೆಗೆದರು.

ಸುದ್ದಿ ಕೇಳಿದೊಡನೆ ಫರಹತಳಿಗೆ ಆದದ್ದೇನೆಂದು ತಿಳಿದುಹೋಯಿತು. ಕಚೇರಿಯಲ್ಲಿ ಒಂದೇ ದಾಖಲೆಯನ್ನು ಎರಡು ಪರದೆಗಳಲ್ಲಿ ತೆರೆದು ಅದನ್ನೇ ಮಾಡಿ ನೋಡಿದಳು, ಹಾಗೆಯೇ ಆಯಿತು. ಸುಜಯನಿಗೆ ತೋರಿಸಿದಾಗ ಅವನು ಬಾಯಿ ಮುಚ್ಚಿಕೊಂಡಿರಲು ಹೇಳಿದ. ಅವಳು ಅಲ್ಲಿಂದೆದ್ದು ಮನಗೂಳಿಯ ಬಸ್ಸು ಹತ್ತಿ ಮುಕ್ತಾಳ ಮನೆಗೆ ಹೋದಳು.

ಮುಕ್ತಾ ಹೊಸ್ತಿಲಲ್ಲೇ ನಿಂತು ಫರಹತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಒಳಗೆ ಕರೆಯಲಿಲ್ಲ.

“ಬರದೀನಿ ಅಂತ ಕಂಡಕಂಡವ್ರ ಮುಂದ ಹೇಳಿದೆ, ಯಾರೂ ನಂಬಲಿಲ್ಲ. ಆಮ್ಯಾಲ ನನ್ನ ನಾನೂ ನಂಬಲಿಲ್ಲ. ನಾನ ಕೊಂದೆ ಅನಕೊಂಡ ಕುಂತಿದ್ದೆ. ಹಿಂಗಾಗ್ತೈತಿ ಅಂತ ನಿಮಗ ಗೊತ್ತಿತ್ತು. ಗೊತ್ತಿದ್ದೂ ತೆಗದ್ರಿ.”

“ಹೌದ್ರಿ.”

ಇದನ್ನೇ ಹಜರಾಬಿಯ ಮಗ ಮೈಬೂಬನ ಮುಂದೆ ಹೇಳುತ್ತೀರಾ ಎಂದು ಮುಕ್ತಾ ಕೇಳಿದಳು. ಇಬ್ಬರೂ ಮಸೂತಿಗೆ ಹೋಗಿ ಹೇಳಿದರು. ಮೈಬೂಬ ದೂರು ಕೊಟ್ಟ.

ಮೊಕದ್ದಮೆ ಇನ್ನೂ ನಡೆಯುತ್ತಿದೆ. ತಪಾಸಣೆ ತೆಗೆಯಲು ತಾನು ಹೇಳಿಯೇ ಇರಲಿಲ್ಲ, ಫರಹತ ತನ್ನ ಮನಸ್ಸಿಗೆ ಬಂದಂತೆ ಮಾಡಿದಳು ಎಂದು ಸುಜಯ ಹೇಳಿಕೆ ಕೊಟ್ಟಿದ್ದಾನೆ. ಅಳಿಸಿದ ಕೈ ಅವಳದೇ ಆದ್ದರಿಂದ ಆರೋಪಿಗಳಲ್ಲಿ ಅವಳ ಹೆಸರೇ ಮೊದಲು. ಅದೇ ತಂತ್ರಾಂಶವನ್ನು ಸುಜಯ ಇಂಡಿಯ ಮತ್ತೊಂದು ಆಸ್ಪತ್ರೆಗೂ ಮಾರಿದ್ದಾನೆ. ಮುಕ್ತಾಳಿಗೆ ಯಾವ ಆಸ್ಪತ್ರೆಯೂ ಕೆಲಸ ಕೊಟ್ಟಿಲ್ಲ. ಕೋರ್ಟಿಗೆ ಇಬ್ಬರೂ ಬರುತ್ತಾರೆ. ಬೆಂಚಿನಲ್ಲಿ ಫರಹತಳ ಪಕ್ಕದ ಜಾಗವಷ್ಟೇ ಖಾಲಿಯಿದ್ದ ದಿನ ಮುಕ್ತಾ ನಿಂತೇ ಇರುತ್ತಾಳೆ.